ಸಕ್ಕರೆ ಕಾರ್ಖಾನೆ ಎಷ್ಟು ದೂರ

ನಮ್ಮ ಅಂಗಡಿಯ ಬೋರ್ಡಿನ ಮೇಲೆ ‘ಡುಮ್ಮಕ್ಕನ ಹಾವುಮೀನು’ ಎಂದು ದೊಡ್ಡ ಕೆಂಪಕ್ಷರದಲ್ಲಿ ಬರೆದಿದೆ. ಬರೆಸಿದವಳು ಸ್ವತಃ ಡುಮ್ಮಕ್ಕನೇ. ನಮ್ಮ ತೈನಾನ್ ಊರಲ್ಲಿ ಹಾವುಮೀನು ಹುರಿಯುವವರಿಗೇನು ಬರವೇ, ಜನರಿಗೆ ನೆನಪಿರಬೇಕಾದರೆ ಏನಾದರೊಂದು ಗುರುತು ಬೇಕು, ನನ್ನ ಹತ್ತಿರ ಇರುವುದು ಇದೊಂದೇ ಎಂದು ಹೊಟ್ಟೆ ತಟ್ಟಿಕೊಂಡು ನಕ್ಕಿದ್ದಳು. ಈಗ ಹೊಸ ಗಿರಾಕಿಗಳು ಆ ಬೋರ್ಡು ನೋಡಿ, ಅದರ ಕೆಳಗೆ ಬಾಣಲೆ ಹಿಡಿದು ನಿಂತವಳನ್ನು ನೋಡಿ, ಕೇಳುತ್ತಾರೆ.

“ಡುಮ್ಮಕ್ಕ ಎಲ್ಲಿ? ಅಂಗಡಿ ಮಾರಿಬಿಟ್ರಾ?”

“ಒಳಗಿದ್ದಾಳೆ,” ಎನ್ನುತ್ತಾಳೆ ಇವಳು, ತನ್ನ ಎದೆ ತೋರಿಸಿ. “ಕರೀಲಾ?”

ಅವಳ ಹೆಸರು ಜಿನ್‌ಜೂ. ನನ್ನ ತಮ್ಮ ಗೆನ್‌ವಾಂಗ್‌ನ ಹೆಂಡತಿ. ನಾನು ಸೂಲಿಯೆನ್, ಅಂಗಡಿಯ ಬಾಗಿಲಲ್ಲಿ ಕೂತು ಹಾವುಮೀನು ಕೊಯ್ಯುವವಳು. ಮೀನಿನ ತಲೆಯನ್ನು ಮಣೆಯ ಮೊಳೆಗೆ ಚುಚ್ಚಿ, ಗಿಡ್ಡ ಚಾಕುವಿನಿಂದ ಹೊಟ್ಟೆ ಸೀಳಿ, ಮುಳ್ಳನ್ನು ಒಂದೇ ಎಳೆತಕ್ಕೆ ತೆಗೆಯುವುದು ನನ್ನ ಕೆಲಸ. ನನ್ನ ಬಾಯಿಯೂ ಆ ಚಾಕುವಿನ ಹಾಗೇ ಎಂದು ಬೀದಿಯವರು ಹೇಳುತ್ತಾರೆ. ಹೇಳಲಿ. ಗಂಡ ಸತ್ತ ಮೇಲೆ ನಾನು ತಮ್ಮನ ಮನೆಯಲ್ಲೇ ಇದ್ದೇನೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಜಿನ್‌ಜೂ ನನ್ನನ್ನು ಹೊರಗಿನವಳ ಹಾಗೆ ನೋಡಿಲ್ಲ. ಅದಕ್ಕೇ ಅವಳ ಬಗ್ಗೆ ಬೇರೆ ಯಾರಾದರೂ ಏನಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಯ್ಯುವುದಿದ್ದರೆ ನಾನು ಬಯ್ಯುತ್ತೇನೆ, ಅವರು ಯಾರು?

ಹಳೆಯ ಜಿನ್‌ಜೂ ಬಾಣಲೆಯ ಮುಂದೆ ನಿಂತರೆ ಹಿಂದಿನ ಗೋಡೆಯಲ್ಲಿ ತೂಗುಹಾಕಿದ ಕ್ಯಾಲೆಂಡರು ಕಾಣುತ್ತಿರಲಿಲ್ಲ. ಹೊಟ್ಟೆ ಒಲೆಯ ಸಿಮೆಂಟು ಅಂಚಿಗೆ ತಾಗುತ್ತಿತ್ತು. ಅವಳ ಎಲ್ಲ ಏಪ್ರನ್‌ಗಳ ಮೇಲೂ ಅಡ್ಡಕ್ಕೆ ಒಂದು ಕಂದುಬಣ್ಣದ ಸುಟ್ಟ ಗೆರೆ ಇರುತ್ತಿತ್ತು. ಬೆಂಕಿ ಅವಳ ತಲೆಯ ಮಟ್ಟಕ್ಕೆ ಏಳುತ್ತಿತ್ತು. ಬೆಳ್ಳುಳ್ಳಿ, ಈರುಳ್ಳಿ, ಎಲೆಕೋಸು, ಹಾವುಮೀನು ಒಂದರ ಹಿಂದೆ ಒಂದು ಬೀಳುತ್ತಿದ್ದವು. ಆಮೇಲೆ ಸೌಟು ತಾನೇ ಹೋಗಿ ಒಲೆಯಾಚೆ ಇಟ್ಟ ಸಕ್ಕರೆ ಜಾಡಿಯಿಂದ ಒಂದು ರಾಶಿ ಎತ್ತಿ ತರುತ್ತಿತ್ತು. ಸೋಯಾ ಸಾಸು, ಕಪ್ಪು ವಿನೆಗರ್ ಎಲ್ಲ ಬಾಟಲಿಯಿಂದ. ಸಕ್ಕರೆ ಮಾತ್ರ ಸೌಟಿನಿಂದ. ಅವಳು ಜಾಡಿಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನೋಡಲು ಪುರುಸೊತ್ತೆಲ್ಲಿ, ಹಾವುಮೀನು ಬಾಣಲೆಯಲ್ಲಿ ಎರಡು ಉಸಿರು ಹೆಚ್ಚು ಇದ್ದರೆ ರಬ್ಬರಾಗುತ್ತದೆ.

ನಮ್ಮೂರಿನವರಿಗೆ ಸಿಹಿ ಇಲ್ಲದಿದ್ದರೆ ಅದು ಅಡುಗೆಯಲ್ಲ. ರಾಜಧಾನಿ ತೈಪೆಯಿಂದ ಬಂದವರು ಮೊದಲ ತುತ್ತಿಗೇ ಮುಖ ಹಿಂಡುತ್ತಾರೆ, ಅದು ಅವರ ಹಣೆಬರಹ. ಇಲ್ಲಿ ಮನೆಗೆ ಬಂದವರಿಗೆ ಸಪ್ಪೆ ಚಹಾ ಕೊಟ್ಟರೆ ಅವರು ಜಗಳವಾಡುವುದಿಲ್ಲ. ಲೋಟ ಕೆಳಗಿಟ್ಟು, ಬಹಳ ಮರ್ಯಾದೆಯಿಂದ, “ನಿಮ್ಮನೆಯಿಂದ ಸಕ್ಕರೆ ಕಾರ್ಖಾನೆ ತುಂಬ ದೂರಾನಾ?” ಎಂದು ಕೇಳುತ್ತಾರೆ. ಕೇಳಿಸಿಕೊಂಡ ಹೆಂಗಸು ಆ ವಾರವೆಲ್ಲ ತಲೆಯೆತ್ತುವುದಿಲ್ಲ. ಜಿನ್‌ಜೂಳಿಗೆ ಆ ಮಾತು ಕೇಳುವ ಪ್ರಸಂಗ ಬರುತ್ತದೆಂದು ನಾವ್ಯಾರೂ ಕನಸಲ್ಲೂ ಎಣಿಸಿರಲಿಲ್ಲ.

ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಅವಳ ತಾಯಿಗೂ ಇತ್ತು, ಮೊದಲು ಬೆರಳು, ಆಮೇಲೆ ಪಾದ ಕತ್ತರಿಸಿದ್ದರು. ಕಳೆದ ಚಳಿಗಾಲದಲ್ಲಿ ಜಿನ್‌ಜೂಳ ಹೆಬ್ಬೆರಳಿಗೆ ಬಿಸಿ ಎಣ್ಣೆ ಸಿಡಿದ ಗಾಯ ಒಣಗಲೇ ಇಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು, ಹೊಟ್ಟೆಯನ್ನು ಮೊಟ್ಟೆಯಷ್ಟು ಚಿಕ್ಕದು ಮಾಡಿ ಕರುಳನ್ನು ಬೇರೆ ದಾರಿಯಲ್ಲಿ ಜೋಡಿಸುತ್ತೇವೆ, ತೂಕವೂ ಇಳಿಯುತ್ತದೆ, ಕಾಯಿಲೆಯೂ ಹತೋಟಿಗೆ ಬರಬಹುದು ಎಂದರು. ನಾನು ಹಾರಾಡಿದೆ. ಆರೋಗ್ಯವಾಗಿರುವ ಹೊಟ್ಟೆಯನ್ನು ಯಾರಾದರೂ ಕತ್ತರಿಸಿಕೊಳ್ಳುತ್ತಾರೆಯೇ ಎಂದು ಮೂರು ಹೊತ್ತೂ ಕಿರುಚಿದೆ.

“ಅಕ್ಕ,” ಎಂದಳು ಜಿನ್‌ಜೂ, “ನಂಗೆ ನಿಂತ್ಕೊಂಡು ಬಾಣಲೆ ಹಿಡೀಬೇಕು. ಕಾಲೇ ಇಲ್ದೆ ಹೆಂಗೆ ನಿಂತ್ಕೊಳ್ಲಿ?”

ಆಸ್ಪತ್ರೆಗೆ ಅವಳ ಬಟ್ಟೆಚೀಲ ಕಟ್ಟಿದವಳು ನಾನೇ.

ಹೊಸವರ್ಷ ಕಳೆದ ಮೇಲೆ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ಹೆಬ್ಬೆರಳು ಒಣಗಿತು, ಇನ್ಸುಲಿನ್ ಸೂಜಿ ನಿಂತಿತು. ಅವಳು ಗೊರಕೆ ಹೊಡೆಯುವುದೂ ನಿಂತಿತು, ಅದರಿಂದ ನಿದ್ದೆಗೆಟ್ಟವನು ನನ್ನ ತಮ್ಮ. ಇಷ್ಟು ವರ್ಷ ಆ ಸದ್ದಿನಲ್ಲೇ ಮಲಗಿದ್ದವನು ಈಗ ಆಗಾಗ ಎದ್ದು, ಮೂಗಿನ ಹತ್ತಿರ ಬೆರಳಿಟ್ಟು ಉಸಿರು ಇದೆಯೋ ಇಲ್ಲವೋ ನೋಡುತ್ತಿದ್ದನಂತೆ. “ಇವ್ರ ಬೆರಳಲ್ಲಿ ಬೆಳ್ಳುಳ್ಳಿ ವಾಸ್ನೆ ಅಕ್ಕ, ಅದಕ್ಕೇ ನಂಗೆ ಎಚ್ಚರ ಆಗತ್ತೆ,” ಎಂದು ಅವಳು ದೂರು ಹೇಳಿದಳು.

ಆದರೆ ಊಟದ ಹೊತ್ತು ಕಷ್ಟವಾಗುತ್ತಿತ್ತು. ನಮ್ಮಲ್ಲಿ ಎದುರಿಗೆ ಸಿಕ್ಕವರೆಲ್ಲ ಮೊದಲು ಕೇಳುವುದು ‘ಊಟ ಆಯ್ತಾ’ ಎಂದು. ಅವಳು “ಆಯ್ತು, ಮೂರು ಚಮಚ” ಎನ್ನುತ್ತಿದ್ದಳು. ನಾವೆಲ್ಲ ಉಂಡೆದ್ದು, ಪಾತ್ರೆ ತೊಳೆದಿಟ್ಟ ಮೇಲೂ ಅವಳು ಒಂದು ತುಂಡು ತೋಫುವನ್ನು ಅಗಿಯುತ್ತ ಕೂತಿರುತ್ತಿದ್ದಳು. ಡ್ರ್ಯಾಗನ್ ದೋಣಿ ಹಬ್ಬಕ್ಕೆ ನಾನು ಬಿದಿರೆಲೆಯಲ್ಲಿ ಅಂಟಕ್ಕಿ ಕಡುಬು ಕಟ್ಟಿದ್ದೆ. ಮೊದಲೆಲ್ಲ ಅವಳು ಬಿಸಿಬಿಸಿಯಾಗಿ ನಾಲ್ಕೈದು ತಿಂದು, ಎಲೆಯನ್ನೂ ನೆಕ್ಕುತ್ತಿದ್ದಳು. ಈ ಸಲ ಒಂದು ಚೂರು ಬಾಯಿಗಿಟ್ಟವಳು ಬಚ್ಚಲಿಗೆ ಓಡಿದಳು. ತಿರುಗಿ ಬಂದು ಕಡುಬಿನ ಗೊಂಚಲಿನ ಎದುರು ಕೂತು ಅತ್ತಳು. ನೋವಿಗಲ್ಲ ಅಕ್ಕ, ನಂಗೆ ಅದರ ಮೇಲೆ ಆಸೆಯೇ ಬರ್ತಿಲ್ಲ, ಅದಕ್ಕೇ ಅಳು ಬರ್ತಿದೆ ಎಂದಳು. ಅವತ್ತು ನನಗೂ ಕಡುಬು ಸೇರಲಿಲ್ಲ.

ತಲೆಗೂದಲು ಬಾಚಣಿಗೆಗೆ ಗೊಂಚಲು ಗೊಂಚಲಾಗಿ ಬಂತು. ಬೆವರಿನ ಕಾಲದಲ್ಲೂ ಚಳಿ ಎಂದು ಸ್ವೆಟರ್ ಹಾಕಿಕೊಂಡು ಒಲೆಯ ಮುಂದೆ ನಿಂತಳು. ತೋಳಿನ ಚರ್ಮ ಜೋತುಬಿದ್ದು, ಬಾಣಲೆ ಎಗರಿಸಿದಾಗಲೆಲ್ಲ ಅಲ್ಲಾಡುತ್ತಿತ್ತು. ಫ್ರಿಜ್ಜಿಗೂ ಮೊದಲನೇ ಮೇಜಿಗೂ ನಡುವೆ ಒಂದು ಇಕ್ಕಟ್ಟಿದೆ, ಅವಳು ಯಾವಾಗಲೂ ಅಡ್ಡ ತಿರುಗಿ, ಉಸಿರು ಬಿಗಿಹಿಡಿದು ಅದನ್ನು ದಾಟುತ್ತಿದ್ದಳು. ಈಗ ಅವಳಂಥವರು ಇಬ್ಬರು ಕೈ ಹಿಡಿದುಕೊಂಡು ಹೋಗಬಹುದಿತ್ತು, ಆದರೂ ಅಡ್ಡವೇ ತಿರುಗುತ್ತಿದ್ದಳು. “ನೆಟ್ಟಗೆ ಹೋಗೇ, ಯಾರು ಬರ್ತಿದಾರೆ ಎದುರಿಗೆ?” ಎಂದು ನಾನು ಕೂಗಿದರೆ, ಮರೆತೆ ಅಕ್ಕ ಎನ್ನುತ್ತಿದ್ದಳು. ಮೈ ಇಳಿದದ್ದು ಮೈಗೇ ಇನ್ನೂ ತಿಳಿದಿರಲಿಲ್ಲ.

ಒಂದು ದಿನ ಆಸ್ಪತ್ರೆಗೆ ತೋರಿಸಿಕೊಂಡು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

“ಅಕ್ಕ, ಇವತ್ತು ಬಸ್ಸಲ್ಲಿ ನನ್ನ ಪಕ್ಕ ಒಬ್ರು ಕೂತ್ರು.”

“ಕೂರದೆ? ಸೀಟು ಇರೋದು ಯಾಕೆ?”

“ನನ್ನ ಪಕ್ಕ ಯಾವತ್ತೂ ಯಾರೂ ಕೂತಿರ್ಲಿಲ್ಲ.”

ನಾನು ತಲೆ ಬಗ್ಗಿಸಿ ಮೀನು ಕೊಯ್ದೆ. ಅವಳ ಮುಖ ನೋಡಿದ್ದರೆ ನಾನೂ ಅತ್ತುಬಿಡುತ್ತಿದ್ದೆ, ಬೀದಿಯವರ ಎದುರಿಗೆ ನಾನು ಅಳುವುದಿಲ್ಲ.

ಆಪರೇಷನ್ನಿಗೆಂದು ಮುಚ್ಚಿದ್ದ ಅಂಗಡಿಯನ್ನು, ಏಪ್ರಿಲ್ಲಿನ ಛಿಂಗ್‌ಮಿಂಗ್ ಹಬ್ಬದಲ್ಲಿ ಹಿರಿಯರ ಗೋರಿ ಗುಡಿಸಿ ಬಂದ ಮೇಲೆ ಮತ್ತೆ ತೆರೆದಿದ್ದೆವು. ಮೊದಮೊದಲು ಎಲ್ಲ ಸರಿಯಾಗಿತ್ತು. ಬೇಸಿಗೆ ಏರುತ್ತ ಹೋದ ಹಾಗೆ ಗಿರಾಕಿಗಳು ತಟ್ಟೆಯಲ್ಲಿ ಒಂದಿಷ್ಟು ಬಿಟ್ಟೇಳತೊಡಗಿದರು. ನಮ್ಮಲ್ಲಿ ತಟ್ಟೆಯಲ್ಲಿ ಬಿಟ್ಟೇಳುವವರು ಕಡಿಮೆ. ಬಾಯಿ ಬಿಟ್ಟು ಯಾರೂ ಏನೂ ಹೇಳಲಿಲ್ಲ, ಖುನ್ ಮಾಮ ಹೇಳುವವರೆಗೆ.

ಖುನ್ ಮಾಮ ಮೊದಲು ಸಕ್ಕರೆ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದವರು, ಕಬ್ಬಿನ ಗಾಡಿ ನಡೆಸುತ್ತಿದ್ದರು. ನಿವೃತ್ತಿಯಾದ ಮೇಲೆ ದಿನಾ ಮಧ್ಯಾಹ್ನ ನಮ್ಮ ಮೊದಲನೇ ಮೇಜು ಅವರದೇ. ಆವತ್ತು ಎರಡು ತುತ್ತು ತಿಂದು, ಊಟದ ಕಡ್ಡಿಗಳನ್ನು ತಟ್ಟೆಯ ಮೇಲೆ ನೀಟಾಗಿ ಅಡ್ಡ ಇಟ್ಟರು.

“ಜಿನ್‌ಜೂ, ನಾನಿದ್ದ ಕಾರ್ಖಾನೆ ಇಲ್ಲಿಂದ ಸ್ಕೂಟರಲ್ಲಿ ಅರ್ಧ ಗಂಟೆ ದಾರಿ. ಅದನ್ನೇನಾದ್ರೂ ಕಿತ್ಕೊಂಡು ದೂರ ಒಯ್ದುಬಿಟ್ರಾ?”

ಹಿಂದಿನ ಮೇಜಿನ ಹೆಂಗಸರು ಕಿಸಕ್ಕೆಂದರು. ಒಬ್ಬಳು ಮೆಲ್ಲಗೆ, ಆದರೆ ನಮಗೆ ಕೇಳುವಷ್ಟು ಮೆಲ್ಲಗೆ, “ಮೈ ಇಳೀತು, ಕೈ ಬಿಗಿಯಾಯ್ತು” ಎಂದಳು.

“ನಿನ್ನ ಬಾಯಿ ಸ್ವಲ್ಪ ಬಿಗಿ ಮಾಡ್ಕೋ,” ಎಂದೆ ನಾನು. “ನಿಂಗೆ ಬೇಕಾದ್ರೆ ಆ ಜಾಡಿ ತಂದು ತಲೆ ಮೇಲೆ ಸುರೀತೀನಿ.”

ಜಿನ್‌ಜೂ ಬಂದು ಖುನ್ ಮಾಮನ ತಟ್ಟೆ ಎತ್ತಿಕೊಂಡಳು. ಅವಳ ಮುಖ ಬಿಳುಚಿಕೊಂಡಿತ್ತು. ಇಡೀ ದಿನ ಹಾವುಮೀನು ಕೊಯ್ಯುವವಳಿಗೆ ಹಾವುಮೀನು ತಿನ್ನುವ ಆಸೆ ಇರುವುದಿಲ್ಲ, ನಾನು ತಿಂದು ವರ್ಷವಾಗಿತ್ತೇನೋ. ಗಿರಾಕಿಗಳು ಹೋದ ಮೇಲೆ ಒಂದು ತುತ್ತು ತಿಂದು ನೋಡಿದೆ.

“ಕಡಿಮೆ ಇದೆ.”

“ಮೊದ್ಲಿನಷ್ಟೇ ಹಾಕಿದೀನಿ ಅಕ್ಕ.”

“ನೀನು ಎಷ್ಟಾದ್ರೂ ಹಾಕಿರು. ಕಡಿಮೆ ಇದೆ.”

ಮಾರನೆಯ ದಿನ ಅವಳು ಸೌಟನ್ನು ಜಾಡಿಗೆ ಎರಡು ಸಲ ಅದ್ದಿದಳು. ಕೆಲವು ತಟ್ಟೆ ಪಾಯಸವಾಯಿತು. ಕೆಲವಕ್ಕೆ ಎರಡನೇ ಸಲ ಅದ್ದುವುದನ್ನು ಮರೆತಳು. ಅದ್ದಿದೆನೋ ಇಲ್ಲವೋ ಎಂದು ಯೋಚಿಸುವಷ್ಟರಲ್ಲಿ ಮೀನು ರಬ್ಬರಾಯಿತು. ತನ್ನ ಪಾಡಿಗೆ ತಾನು ನಡೆಯುತ್ತಿದ್ದ ಕೈಗೆ ಈಗ ಪ್ರತಿ ತಟ್ಟೆಗೂ ಅನುಮಾನ. ಅವಳ ಬಾಣಲೆಯ ಸದ್ದೇ ಬದಲಾಗಿತ್ತು, ಟಣ್ ಟಣ್ ಎನ್ನುವುದು ನಡುವೆ ತಡವರಿಸುತ್ತಿತ್ತು. ಬಾಗಿಲಲ್ಲಿ ಕೂತ ನನಗೂ ಅದು ಕೇಳುತ್ತಿತ್ತು.

ಹಾಗಾದರೆ ರುಚಿ ನೋಡಿ ಹಾಕುತ್ತೇನೆ ಎಂದು ಹಟ ಹಿಡಿದಳು. ಆಪರೇಷನ್ ಆದವರು ಸಿಹಿ ಮುಟ್ಟಬಾರದು, ಸಿಹಿ ನೇರವಾಗಿ ಕರುಳಿಗೆ ಇಳಿದರೆ ಎದೆ ಡವಗುಟ್ಟಿ ತಲೆ ತಿರುಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವಳು ಒಂದರ ಹಿಂದೊಂದು ನಾಲ್ಕು ತಟ್ಟೆಯ ರಸ ಚಪ್ಪರಿಸಿದಳು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವತು, ತಲೆ ತಿರುಗಿ, ಸೌಟು ನೆಲಕ್ಕೆ ಬಿತ್ತು. ಗೆನ್‌ವಾಂಗ್ ಓಡಿ ಬಂದು ಹಿಡಿದುಕೊಂಡ. ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಹಾಸಿ ಮಲಗಿಸಿದೆವು. ಗಿರಾಕಿಗಳು ಕತ್ತು ಚಾಚಿ ನೋಡುತ್ತಿದ್ದರು. ನಾನು ಅಂಗಡಿಯ ಬಾಗಿಲು ಅರ್ಧ ಎಳೆದೆ.

“ನನ್ನ ಕೈಗೇ ಸಕ್ಕರೆ ಕಂಡ್ರೆ ಭಯ ಆಗ್ಬಿಟ್ಟಿದೆ ಅಕ್ಕ,” ಎಂದಳು ಮಲಗಿದಲ್ಲೇ, ಸೂರು ನೋಡುತ್ತ. “ಹೊಟ್ಟೆ ಬೇಡ ಅನ್ನತ್ತೆ, ಕೈ ಅದರ ಮಾತು ಕೇಳತ್ತೆ. ನಂಗೇ ಗೊತ್ತಾಗ್ದ ಹಾಗೆ ಕಡಿಮೆ ಹಾಕ್ತಿದೆ. ಕಾಲು ಉಳಿಸ್ಕೊಳ್ಳೋಕೆ ಹೋಗಿ ಕೈ ಕಳ್ಕೊಂಡೆ.”

“ಕೈ ಇಲ್ಲೇ ಇದೆ, ಹಿಡ್ಕೊಂಡಿದೀನಲ್ಲ,” ಎಂದ ನನ್ನ ತಮ್ಮ. ಅವನಿಗೆ ಸಮಾಧಾನ ಹೇಳುವುದಕ್ಕೆ ಬರುವುದು ಅಷ್ಟೇ.

ಆ ವಾರವೇ ಅವರಿಬ್ಬರೂ ಮಾತಾಡಿಕೊಂಡರು. ಸಾಬೂದಾನಿಯಂಥ ಗುಂಡು ಹಾಕಿದ ‘ಮುತ್ತಿನ ಚಹಾ’ ಮಾರುವವನೊಬ್ಬ ನಮ್ಮ ಜಾಗಕ್ಕಾಗಿ ಹಿಂದಿನಿಂದಲೂ ಕೇಳುತ್ತಿದ್ದ, ಸೋಮವಾರ ಬಂದು ನೋಡಲಿ ಎಂದು ಗೆನ್‌ವಾಂಗ್ ಹೇಳಿಕಳಿಸಿದ. ಅವನಿಗೆ ಹೆಂಡತಿ ಮತ್ತೆ ನೆಲಕ್ಕೆ ಬೀಳುವುದು ಬೇಡವಾಗಿತ್ತು. ಅವನನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ಜಿನ್‌ಜೂ ‘ಆಗಲಿ’ ಎಂದಳಲ್ಲ, ಆ ದನಿ ಕೇಳಿ ನನಗೆ ಹೆದರಿಕೆಯಾಯಿತು. ಬಾಣಲೆಯ ಮುಂದೆ ನಿಲ್ಲುವುದಕ್ಕೆಂದೇ ಹೊಟ್ಟೆ ಕೊಯ್ಯಿಸಿಕೊಂಡವಳು. ಬಾಣಲೆ ಹೋದರೆ ಉಳಿದದ್ದನ್ನು ಇಟ್ಟುಕೊಂಡು ಅವಳು ಏನು ಮಾಡುತ್ತಾಳೆ?

ಭಾನುವಾರ ಮಧ್ಯಾಹ್ನ ಊಟದ ಗಿರಾಕಿಗಳು ಮುಗಿದ ಮೇಲೆ, ಎಂದಿನಂತೆ ಅಂಗಡಿ ತೊಳೆಯತೊಡಗಿದೆ. ಒಲೆಯ ಮುಂದೆ ನಮ್ಮಪ್ಪ ಹಾಕಿಸಿದ ಒಂದು ದಪ್ಪ ಮರದ ಹಲಗೆ ಇದೆ, ಕಾಲಿಗೆ ನೀರು ತಾಗದಿರಲಿ ಎಂದು. ಅದರ ಮೇಲೆ ಜಿನ್‌ಜೂ ನಿಂತು ನಿಂತು ಎರಡು ಪಾದದ ಗುಳಿಗಳು ಬಿದ್ದಿವೆ, ನೀರು ಸುರಿದರೆ ಎರಡು ಚಿಕ್ಕ ಹೊಂಡಗಳಾಗುತ್ತವೆ. ನಾನು ಕುಕ್ಕರುಗಾಲಲ್ಲಿ ಕೂತು ಬ್ರಷ್ಷು ಹಾಕಿ ಉಜ್ಜುತ್ತಿದ್ದೆ. ಅವಳು ಅಲ್ಲೇ ನಿಂತು ಬಾಣಲೆ ಉಜ್ಜುತ್ತಿದ್ದಳು.

“ಕಾಲು ತೆಗಿಯೇ,” ಎಂದು ಅವಳ ಮೀನಖಂಡಕ್ಕೆ ಬ್ರಷ್ಷಿನಲ್ಲಿ ಹೊಡೆದೆ. ಹೊಡೆದವಳು ಹಾಗೇ ಕೂತುಬಿಟ್ಟೆ.

ಗುಳಿಗಳಲ್ಲಿ ನೀರು ನಿಂತಿತ್ತು. ಅವಳ ಬೂಟುಗಳು ಗುಳಿಯಲ್ಲಿರಲಿಲ್ಲ. ಮುಂದಕ್ಕೆ, ಒಲೆಯ ಬುಡಕ್ಕೆ ತಾಗುವ ಹಾಗೆ ಇದ್ದವು. ಗುಳಿಗೂ ಬೂಟಿಗೂ ನಡುವೆ ಮೊಳಕೈಯುದ್ದ ಒಣ ಮರ.

“ಜಿನ್‌ಜೂ, ನೀನು ಯಾವಾಗಿಂದ ಇಲ್ಲಿ ನಿಂತ್ಕೊಳ್ತೀಯ?”

“ಇನ್ನೆಲ್ಲಿ ನಿಂತ್ಕೊಳ್ಲಿ?”

“ಮೊದ್ಲು ಅಲ್ಲಿ ನಿಂತ್ಕೊಳ್ತಿದ್ದೆ,” ಎಂದು ಗುಳಿ ತೋರಿಸಿದೆ.

ಅವಳು ಕೆಳಗೆ ನೋಡಿದಳು. “ಆಗ ಹೊಟ್ಟೆ ಅಡ್ಡ ಬರ್ತಿತ್ತಲ್ಲ ಅಕ್ಕ. ಈಗ ಹತ್ರ ಹೋಗ್ಬಹುದು.”

ನಾನು ಬ್ರಷ್ಷು ಬಿಟ್ಟು ಎದ್ದೆ. “ಸೌಟು ತಗೋ. ಯೋಚ್ನೆ ಮಾಡ್ಬೇಡ. ಗುಳಿಯಲ್ಲಿ ನಿಂತ್ಕೊಂಡು ಸಕ್ಕರೆ ಎತ್ತು.”

“ಅಕ್ಕ, ನಿಂಗೇನಾಯ್ತು?”

“ಎತ್ತು ಅಂದ್ರೆ ಎತ್ತೇ.”

ಅವಳು ಹಿಂದೆ ಸರಿದು, ಗುಳಿಯಲ್ಲಿ ಕಾಲಿಟ್ಟು, ತೋಳು ಉದ್ದಕ್ಕೆ ಚಾಚಿದಳು. ಅಷ್ಟು ದೂರದಿಂದ ಉದ್ದ ಹಿಡಿಯ ಸೌಟು ಜಾಡಿಯೊಳಗೆ ಮಲಗಿದ ಹಾಗೆ ಹೋಯಿತು, ಗುದ್ದಲಿ ಮಣ್ಣೆತ್ತುವ ಹಾಗೆ ಒಂದು ರಾಶಿ ಎತ್ತಿಕೊಂಡು ಬಂತು. ಅದನ್ನು ಒಂದು ತಟ್ಟೆಗೆ ಸುರಿಸಿದೆ.

“ಈಗ ಮುಂದೆ ಬಾ. ದಿನಾ ನಿಲ್ಲೋ ಹಾಗೆ ನಿಂತ್ಕೋ.”

ಮುಂದೆ ಬಂದಳು. ಮೊಣಕೈ ಮಡಿಚಿತು, ಸೌಟು ನೆಟ್ಟಗೆ ನಿಂತು ಜಾಡಿಗೆ ಚುಚ್ಚಿತು, ಅದರ ತುದಿಗೆ ಅಂಟಿದಷ್ಟೇ ಮೇಲೆ ಬಂತು. ಅದನ್ನು ಇನ್ನೊಂದು ತಟ್ಟೆಗೆ ಹಾಕಿಸಿದೆ. ಎರಡೂ ತಟ್ಟೆ ಪಕ್ಕಪಕ್ಕದಲ್ಲಿ ಇಟ್ಟೆ. ಒಂದರಲ್ಲಿ ಗುಡ್ಡ, ಇನ್ನೊಂದರಲ್ಲಿ ಅದರ ಅರ್ಧವೂ ಇಲ್ಲ.

ಜಿನ್‌ಜೂ ಎರಡನ್ನೂ ನೋಡಿದಳು. ಮತ್ತೆ ಗುಳಿಗೆ ಹೋಗಿ ಎತ್ತಿದಳು, ಮತ್ತೆ ಮುಂದೆ ಬಂದು ಎತ್ತಿದಳು. ಅಲ್ಲಿಂದ ಅಷ್ಟು, ಇಲ್ಲಿಂದ ಇಷ್ಟೇ. ಹೊಟ್ಟೆ ಕರಗಿದ ಹಾಗೆ ಅವಳು ವಾರ ವಾರವೂ ಒಂದೊಂದು ಬೆರಳಗಲ ಒಲೆಯ ಹತ್ತಿರ ಸರಿದಿದ್ದಳು, ಸರಿದಷ್ಟೂ ಸಕ್ಕರೆ ಕಡಿಮೆಯಾಗಿತ್ತು. ನಾವು ಯಾರೂ ಅವಳ ಕಾಲು ನೋಡಿರಲಿಲ್ಲ, ಎಲ್ಲರೂ ಅವಳ ಮುಖವನ್ನೇ ನೋಡಿ ಮರುಗುತ್ತಿದ್ದೆವು.

“ನನ್ನ ಕೈಗೆ ಭಯ ಅಲ್ವಾ ಹಾಗಾದ್ರೆ?” ಎಂದಳು, ತುಂಬ ಸಣ್ಣ ದನಿಯಲ್ಲಿ.

“ನಿನ್ನ ಕೈಗೆ ತಲೆ ಎಲ್ಲಿದೆ ಭಯ ಪಡೋಕೆ? ಪಾಪ, ಅದು ಮೊದಲಿಂದ ಮಾಡಿದ್ದೇ ಮಾಡ್ತಿದೆ. ನೀನು ಹತ್ರ ಬಂದಿದ್ದು ಅದಕ್ಕೆ ಯಾರೂ ಹೇಳ್ಲಿಲ್ಲ, ಅಷ್ಟೇ.”

ಗೆನ್‌ವಾಂಗ್ ಹಿಂದಿನಿಂದ ಈರುಳ್ಳಿ ಮೂಟೆ ಹೊತ್ತು ಬಂದವನು ನಮ್ಮಿಬ್ಬರನ್ನೂ ನೋಡಿ ಮೂಟೆ ಇಳಿಸುವುದನ್ನೇ ಮರೆತ. ನಾನು ವಿವರಿಸಿದೆ. ಅವನು ಎರಡು ತಟ್ಟೆಗಳನ್ನೂ ನೋಡಿ, ಹಲಗೆಯನ್ನು ನೋಡಿ, ಮೂಟೆ ಹೊತ್ತುಕೊಂಡೇ ನಗತೊಡಗಿದ. “ಖುನ್ ಮಾಮ ಕಾರ್ಖಾನೆ ದೂರ ಹೋಯ್ತು ಅಂದ್ರು. ಅದು ತೀರ ಹತ್ರ ಬಂದಿತ್ತಲ್ಲ.”

ಜಿನ್‌ಜೂ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಸಿದು ಕೂತು, ಏಪ್ರನ್‌ನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ನಡುನಡುವೆ ನಕ್ಕಳು. ಏಪ್ರನ್ ಹೊಸದು, ಅದರ ಮೇಲೆ ಸುಟ್ಟ ಗೆರೆ ಇರಲಿಲ್ಲ. ಅದನ್ನೂ ನಾನು ಅವತ್ತೇ ಗಮನಿಸಿದ್ದು. ನನಗೆ ಆದ ನಿರಾಳವನ್ನು ಹೇಗೆ ಹೇಳಲಿ, ಎದೆಯ ಮೇಲಿಂದ ಯಾರೋ ರುಬ್ಬುಗುಂಡು ಎತ್ತಿಟ್ಟ ಹಾಗಾಯಿತು. ಅವಳ ತಲೆ ನೇವರಿಸಿದೆ, ಕೂದಲು ಕೋಳಿಮರಿಯ ತುಪ್ಪುಳದ ಹಾಗೆ ಹೊಸದಾಗಿ ಹುಟ್ಟುತ್ತಿತ್ತು.

“ಸರಿ ಬಿಡು,” ಎಂದೆ. “ನಾಳೆಯಿಂದ ಗುಳಿಯಲ್ಲೇ ನಿಂತ್ಕೋ, ಎಲ್ಲ ಸರಿಹೋಗತ್ತೆ.”

ಅವಳು ಮುಖ ಒರೆಸಿಕೊಂಡು ಹೋಗಿ ಗುಳಿಯಲ್ಲಿ ನಿಂತಳು. ಬಾಣಲೆಗೆ ಕೈ ಚಾಚಿದಳು. ಒರಗಿಕೊಳ್ಳಲು ಹೊಟ್ಟೆ ಇಲ್ಲದೆ ಸೊಂಟ ಬಾಗಿತು. ಹಲಗೆಯಿಂದ ಕೆಳಗಿಳಿದಳು.

“ಇಲ್ಲ ಅಕ್ಕ. ಅಲ್ಲಿ ನಿಂತಿದ್ದೋಳು ಪಾಪ ಬೇರೆ ಕಡೆ ನಿಲ್ಲೋ ಹಾಗಿರ್ಲಿಲ್ಲ, ಅದಕ್ಕೆ ಅಲ್ಲಿ ನಿಂತ್ಲು. ನಾನ್ಯಾಕೆ ನಿಲ್ಲಲಿ? ಜಾಡಿನೇ ಹಿಂದೆ ಹೋಗ್ಲಿ.”

ಜಾಡಿಯ ಹಿಂದೆ ವಿನೆಗರ್ ಬಾಟಲಿಗಳ ಸಾಲಿತ್ತು. ಅವನ್ನು ಮುಂದಕ್ಕೆ ತಂದು, ಜಾಡಿಯನ್ನು ಗೋಡೆಗೆ ತಾಗುವ ಹಾಗೆ ಹಿಂದಿಟ್ಟೆವು. ಒಂದು ಸಲ ಎತ್ತಿದಳು, ಹೆಚ್ಚಾಯಿತು. ಚೂರು ಮುಂದೆ ಎಳೆದೆವು. ಸಂಜೆಯವರೆಗೂ ಅದೇ ಕೆಲಸ, ನಾನು ತುತ್ತು ತಿಂದು ತಿಂದು ಹೇಳುವುದು, ಗೆನ್‌ವಾಂಗ್ ಜಾಡಿ ಸರಿಸುವುದು. ಅವಳು ಒಂದು ತೊಟ್ಟೂ ಬಾಯಿಗೆ ಹಾಕಲಿಲ್ಲ. ವರ್ಷವೆಲ್ಲ ತಿನ್ನದಿದ್ದ ಹಾವುಮೀನನ್ನು ನಾನು ಅವತ್ತೊಂದೇ ದಿನ ತಿಂದು ಮುಗಿಸಿದೆ. ಕೊನೆಗೆ ಸರಿಯಾಯಿತು. ಗೆನ್‌ವಾಂಗ್ ಜಾಡಿಯ ಸುತ್ತ ಇದ್ದಿಲಿನಿಂದ ಗೆರೆ ಎಳೆದ. ಆಮೇಲೆ ಹಲಗೆಯನ್ನು ತಿರುವಿ ಹಾಕಿದೆವು, ಹೊಸ ಮಗ್ಗುಲು ಮೇಲೆ ಬರುವ ಹಾಗೆ.

ಸೋಮವಾರ ಮುತ್ತಿನ ಚಹಾದವನು ಬಂದ. ಅಂಗಡಿಯ ಅಗಲ, ಉದ್ದ ಎಲ್ಲ ಕಣ್ಣಲ್ಲೇ ಅಳೆಯುತ್ತ, ಒಲೆಯ ಮುಂದಿದ್ದವಳನ್ನು ಕೇಳಿದ, “ಡುಮ್ಮಕ್ಕನ್ನ ನೋಡ್ಬೇಕಿತ್ತು. ಜಾಗದ ವಿಷ್ಯ.”

“ನಾನೇ. ಜಾಗ ಕೊಡೋದಿಲ್ಲ,” ಎಂದಳು ಜಿನ್‌ಜೂ. “ಊಟ ಆಯ್ತಾ?”

“ಇಲ್ಲ, ಆದ್ರೆ ನಿಮ್ಮನೆಯವ್ರು ಹೇಳಿದ್ರಲ್ಲ...”

“ಅವ್ರು ಹೇಳಿದ್ದು ಹೋದ ವಾರ. ಕೂತ್ಕೊಳ್ಳಿ, ತಿಂದು ಹೋಗಿ.”

ಅವನು ಖುನ್ ಮಾಮನ ಎದುರಿನ ಸ್ಟೂಲಿನಲ್ಲಿ ಕೂತ. ಬೆಂಕಿ ಎದ್ದಿತು. ಬಾಗಿಲಲ್ಲಿ ಮೀನು ಕೊಯ್ಯುತ್ತ ನಾನು ಕಿವಿಯಿಟ್ಟು ಕೇಳಿದೆ, ಟಣ್ ಟಣ್ ಟಣ್, ಎಲ್ಲೂ ತಡವರಿಸಲಿಲ್ಲ. ಸೌಟು ಹೋಯಿತು, ಬಂತು. ಅವಳು ಜಾಡಿಯ ಕಡೆ ನೋಡಲಿಲ್ಲ.

ಎರಡು ತಟ್ಟೆ ಎರಡು ಕೈಯಲ್ಲಿ ಹಿಡಿದು ಅವಳು ಒಲೆ ಬಿಟ್ಟು ಬಂದಳು. ಫ್ರಿಜ್ಜಿನ ಪಕ್ಕದ ಇಕ್ಕಟ್ಟಿನ ಹತ್ತಿರ ಬಂದಾಗ ನನ್ನ ಚಾಕು ತಾನೇ ನಿಂತಿತು. ಅವಳು ಅಡ್ಡ ತಿರುಗಲಿಲ್ಲ. ಎರಡು ಕಡೆಗೂ ತಟ್ಟೆ ಚಾಚಿಕೊಂಡು ನೆಟ್ಟಗೆ ನಡೆದು ಬಂದು, ಮೇಜಿನ ಮೇಲೆ ಇಟ್ಟಳು.

ಖುನ್ ಮಾಮ ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಆಮೇಲೆ ತಟ್ಟೆಯಿಂದ ತಲೆ ಎತ್ತಲೇ ಇಲ್ಲ. ಜಿನ್‌ಜೂ ಅಲ್ಲೇ ನಿಂತು ಕಾದಳು. ಅವರು ಕಡ್ಡಿಯಿಂದ ಕೊನೆಯ ಈರುಳ್ಳಿಯನ್ನೂ ಎತ್ತಿಕೊಂಡು, ಖಾಲಿ ತಟ್ಟೆಯನ್ನು ಅವಳ ಕಡೆಗೆ ತಳ್ಳಿದರು.

“ಇನ್ನೊಂದು ಹಾಕಮ್ಮ,” ಎಂದರು. “ನಿನ್ನ ಊಟ ಆಯ್ತಾ?”

“ಆಯ್ತು ಮಾಮ,” ಎಂದಳು ಅವಳು. “ಹೊಟ್ಟೆ ತುಂಬ.”